ಮಲಗಿಸದೆ ಕಿತ್ತ ಹಲ್ಲು

ಹಲ್ಲಿನ ಡಾಕ್ಟರ ಫೋನ್ ಬಂದಾಗ ನಾನು ಚನ್ನರಾಯಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಆಪರೇಷನ್ ಮುಗಿಸಿಕೊಂಡು ಆಗಷ್ಟೇ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ. ಅವರು ಹಾಸನದಲ್ಲಿ ಮಕ್ಕಳ ಹಲ್ಲು ನೋಡುವವರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮಾತು ಚುರುಕು, ಕೈ ಇನ್ನೂ ಚುರುಕು. ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಬಾಯಿ ತುಂಬ ಹುಳುಕು, ಕುರ್ಚಿ ಕಂಡರೆ ಕಿರುಚುತ್ತಾಳೆ, ಸ್ವಲ್ಪ ಮಂಪರು ಕೊಟ್ಟರೆ ಒಂದೇ ಸಲಕ್ಕೆ ಎಂಟೂ ಹಲ್ಲಿನ ಕೆಲಸ ಮುಗಿಸುತ್ತೇನೆ ಎಂದರು. ಆಮೇಲೆ ಹೊರಡುವವರು ಬಾಗಿಲಲ್ಲಿ ನಿಂತು ಹೇಳುವ ಮಾತಿನ ಹಾಗೆ, "ಶ್ವಾಸಕೋಶ ಸ್ವಲ್ಪ ವೀಕು ಮೇಡಂ," ಎಂದು ಸೇರಿಸಿದರು.

ಈ "ಸ್ವಲ್ಪ" ಎನ್ನುವ ಮಾತು ನನಗೆ ಆಗಿಬರುವುದಿಲ್ಲ. ಸ್ವಲ್ಪ ಮಂಪರು, ಸ್ವಲ್ಪ ವೀಕು. ಎರಡು ಸ್ವಲ್ಪ ಒಂದೇ ಮಗುವಿನಲ್ಲಿ ಸೇರಿದರೆ ಏನಾಗಬಹುದು ಎಂದು ಯೋಚಿಸುತ್ತಾ ಕುಳಿತೆ, ಕಾಫಿ ಆರಿಹೋಯಿತು.

ನಾನು ಅರಿವಳಿಕೆ ಕೊಡುವವಳು, ಮತ್ತು ಹೆದರುಪುಕ್ಕಲಿ. ಜೊತೆಯವರು ಇದನ್ನು ಹೇಳಿ ನಗುತ್ತಾರೆ, ನಗಲಿ. ಜನ ತಿಳಿದುಕೊಂಡಿರುವುದು ಪೂರ್ತಿ ಪ್ರಜ್ಞೆ ತಪ್ಪಿಸುವುದು ದೊಡ್ಡ ಕೆಲಸ, ಮಂಪರು ಚಿಕ್ಕ ಕೆಲಸ ಎಂದು. ನನ್ನ ಭಯ ಅದರ ತಲೆಕೆಳಗು. ಪೂರ್ತಿ ಮಲಗಿಸಿದರೆ ಗಂಟಲಲ್ಲಿ ನನ್ನ ಕೊಳವೆ ಇರುತ್ತದೆ, ಉಸಿರು ನನ್ನ ಕೈಯಲ್ಲಿರುತ್ತದೆ. ಮಂಪರಿನಲ್ಲಿ ಉಸಿರು ಮಗುವಿನದೇ. ಅದು ಕೈಕೊಟ್ಟರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅದರ ಮೇಲೆ ಹಲ್ಲಿನವರೂ ನಾನೂ ಒಂದೇ ಪುಟ್ಟ ಬಾಯಿಯಲ್ಲಿ ಜಾಗ ಹಂಚಿಕೊಳ್ಳಬೇಕು. ಅವರ ನೀರು, ಅವರ ಹತ್ತಿ, ಕಿತ್ತ ಹಲ್ಲಿನ ರಕ್ತ ಎಲ್ಲ ಜಾರುವುದು ನಾನು ಕಾಯಬೇಕಾದ ಗಂಟಲಿಗೇ.

ಮಗುವನ್ನು ಮೊದಲು ನಾನು ನೋಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ದಿನ ಕೊಡಬೇಡಿ ಎಂದೆ. ಹುಡುಗಿಯ ಮನೆ ಅರಕಲಗೂಡಿನ ಹತ್ತಿರದ ಹಳ್ಳಿ. ವಾರಕ್ಕೊಮ್ಮೆ ನಾನು ಅರಕಲಗೂಡಿನ ಒಂದು ಚಿಕ್ಕ ಆಸ್ಪತ್ರೆಗೆ ಹೋಗುವುದಿದೆ. ಅಲ್ಲಿಗೇ ಕರೆತರಲು ಹೇಳಿದೆ. ಹಲ್ಲಿನ ಕುರ್ಚಿ ಇಲ್ಲದ ಕಡೆ ಮಗುವಿನ ನಿಜವಾದ ಉಸಿರು ಹೇಗಿದೆ ನೋಡಬೇಕಿತ್ತು.

ಹುಡುಗಿ ಅಜ್ಜಿಯ ಸೊಂಟದ ಮೇಲೆ ಬಂದಳು. ಇಳಿಯಲಿಲ್ಲ. ಜೊತೆಗೆ ಬಂದಿದ್ದ ತಾಯಿ ಹಾಸನದ ಗಾರ್ಮೆಂಟ್ಸ್‌ಗೆ ಹೋಗುವವಳು, ಬೆಳಗಿನ ಬಸ್ಸು ಹಿಡಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಹೀಗಾಗಿ ನಾನು ತಾಯಿಯನ್ನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಬಂದದ್ದು ಅಜ್ಜಿಯಿಂದ. ಏಳನೇ ತಿಂಗಳಿಗೇ ಹುಟ್ಟಿದ ಕೂಸು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿ ಯಂತ್ರದ ಉಸಿರಿನ ಮೇಲೆ ಇತ್ತು. ಬದುಕಿಸಿದ ಆ ಯಂತ್ರವೇ ಎಳೆಯ ಶ್ವಾಸಕೋಶದಲ್ಲಿ ಗಾಯದ ಗುರುತನ್ನೂ ಬಿಟ್ಟಿತ್ತು. ಅಂದಿನಿಂದ ಸಿಹಿ ಸಿರಪ್ಪು, ಬಾಯಿಗೆ ಎಳೆದುಕೊಳ್ಳುವ ಪಂಪು, ರಾತ್ರಿ ಬಾಯಿ ಬಿಟ್ಟುಕೊಂಡೇ ನಿದ್ದೆ, ನಿದ್ದೆ ಬರಲೆಂದು ಹಾಲಿನ ಬಾಟ್ಲಿ. ಹಲ್ಲು ಹುಳುಕಾಗದೆ ಇನ್ನೇನಾಗುತ್ತದೆ.

"ಮಲಗ್ಸುದ್ರೆ ಸುಯ್ ಸುಯ್ ಅಂತದೆ ಕಣವ್ವ," ಅಂದರು ಅಜ್ಜಿ. "ನಾನು ಗ್ವಾಡೆಗೆ ಒರಿಕ್ಕೊಂಡು ಎದೆ ಮ್ಯಾಲೆ ಆಕ್ಕತೀನಿ. ಆಗ ನಿದ್ದೆ ಮಾಡ್ತದೆ."

ಬೆರಳಿಗೆ ಯಂತ್ರ ಕಚ್ಚಿಸಿ ನೋಡಿದೆ. ಕೂತಿದ್ದಾಗ ರಕ್ತದ ಆಮ್ಲಜನಕ ತೊಂಬತ್ತನಾಲ್ಕು. ಆ ಮಗುವಿಗೆ ಅದೇ ಚೆನ್ನಾಗಿರುವ ದಿನ. ಹೊಟ್ಟೆ ಮುಟ್ಟಿ ನೋಡಲು ಮಲಗಿಸಿದೆ, ಅಂಕಿ ಮೂರು ಇಳಿಯಿತು. ಎತ್ತಿ ಕೂರಿಸಿದೆ, ಏರಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಳೆನರಸೀಪುರದ ಮಕ್ಕಳ ವೈದ್ಯರಿಗೆ ಫೋನ್ ಮಾಡಿದೆ. ಹುಟ್ಟಿದಾಗಿನಿಂದ ಇವಳನ್ನು ನೋಡಿಕೊಂಡು ಬಂದವರು ಅವರೇ. ಕೊಳವೆ ಹಾಕದೆ ಆದರೆ ಒಳ್ಳೆಯದು, ಹಾಕಿದರೆ ತೆಗೆಯುವುದು ಕಷ್ಟವಾಗಬಹುದು, ಆದರೆ ಹಾಕಬೇಡಿ ಅಂತಲೂ ನಾನು ಹೇಳಲಾರೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅವರ ಮೇಲೆ ಸಿಟ್ಟು ಬಂತು, ಆದರೆ ಅವರ ಜಾಗದಲ್ಲಿದ್ದರೆ ನಾನೂ ಅಷ್ಟೇ ಹೇಳುತ್ತಿದ್ದೆ.

ಹಲ್ಲಿನ ಕ್ಲಿನಿಕ್ಕಿನಲ್ಲಿ ಬೇಡ, ಹಾಸನದಲ್ಲಿ ವೆಂಟಿಲೇಟರ್ ಇರುವ ಆಪರೇಷನ್ ಥಿಯೇಟರಿನಲ್ಲೇ ಆಗಬೇಕು ಎಂದು ಹಟ ಹಿಡಿದೆ. ಹಲ್ಲಿನವರು ಗೊಣಗಿದರು. ಅವರ ಸಾಮಾನೆಲ್ಲ ಹೊತ್ತು ತರಬೇಕಲ್ಲ. ಕೊನೆಗೆ ಒಪ್ಪಿದರು.

ಮೊದಲು ಗೊತ್ತುಮಾಡಿದ ದಿನ ಮಗು ಮೂಗು ಸುರಿಸಿಕೊಂಡು ಬಂತು. ನೆಗಡಿ ಆದ ಮಗುವಿನ ಶ್ವಾಸನಾಳ ಮುಟ್ಟಿದರೆ ಮುನಿ. ನೋಡಿದವಳೇ ಇವತ್ತು ಆಗುವುದಿಲ್ಲ ಎಂದು ವಾಪಸು ಕಳಿಸಿದೆ. ತಾಯಿ ರಜೆ ಹಾಕಿ ಬಂದಿದ್ದಳು, ಮುಖ ಸಪ್ಪಗಾಯಿತು. ನಾನೋ, ಪರೀಕ್ಷೆ ಮುಂದಕ್ಕೆ ಹೋದ ಹುಡುಗಿಯ ಹಾಗೆ ಒಳಗೊಳಗೇ ಹಗುರಾದೆ. ಹೊರಡುವಾಗ ಅಜ್ಜಿಯನ್ನು ಕರೆದು ಸ್ವಲ್ಪ ಗಡುಸಾಗಿಯೇ ಹೇಳಿದೆ, ಮುಂದಿನ ಸಲ ಬರುವಾಗ ಶೀತ ಗೀತ ಏನೂ ಇರಕೂಡದು, ಮಗುವನ್ನು ಬೆಚ್ಚಗಿಟ್ಟುಕೊಳ್ಳಿ, ಜವಾಬ್ದಾರಿ ನಿಮ್ಮದು ಎಂದು. ಅವರು ಮಂತ್ರ ಕೇಳಿಸಿಕೊಂಡ ಹಾಗೆ ತಲೆಯಾಡಿಸಿದರು.

ನೆಗಡಿ ವಾಸಿಯಾಗಿ ಎದೆ ತಿಳಿಯಾಗಲು ವಾರಗಳು ಹಿಡಿದವು. ಅಷ್ಟರಲ್ಲಿ ಮೇಲಿನ ದವಡೆಯ ಒಂದು ಹಲ್ಲಿನ ಬುಡದಲ್ಲಿ ಕೀವು ತುಂಬಿತು. ಮಾತ್ರೆಗೆ ಇಳಿಯುವುದು, ಮತ್ತೆ ಏರುವುದು. ಎರಡನೇ ಸಲ ದಿನ ಗೊತ್ತುಮಾಡುವ ಹೊತ್ತಿಗೆ ಎಡಗೆನ್ನೆ ಊದಿಕೊಂಡಿತ್ತು. ಆ ಜಾಗದ ಕೀವು ಮೇಲಕ್ಕೆ ಹತ್ತಿದರೆ ಸೇರುವುದು ಕಣ್ಣಿನ ಕೆಳಕ್ಕೆ. ಇನ್ನು ಮುಂದೂಡುವ ಹಾಗಿರಲಿಲ್ಲ.

ಆ ಬೆಳಿಗ್ಗೆ ಚನ್ನರಾಯಪಟ್ಟಣದ ಕೇಸುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ ಬೇಗನೆ ಥಿಯೇಟರ್ ಸೇರಿದೆ. ಒಂದೊಂದೇ ಜೋಡಿಸಿದೆ. ಮಗುವಿನ ಅಳತೆಯ ಮಾಸ್ಕು, ಬೇಕಾದರೆ ಇರಲಿ ಎಂದು ಕೊಳವೆಗಳು, ಕಫ ಎಳೆಯುವ ಯಂತ್ರ, ನೆಬುಲೈಸರ್, ಸಿರಿಂಜಿಗೆ ಎಳೆದಿಟ್ಟ ಜೀವ ಉಳಿಸುವ ಔಷಧಿಗಳು. ಜೋಡಿಸಿದ್ದನ್ನು ಮತ್ತೆ ಮುಟ್ಟಿ ಮುಟ್ಟಿ ನೋಡಿದೆ. ಸಿಸ್ಟರ್ ನನ್ನ ಕಡೆ ನೋಡಿ ನಕ್ಕರು.

ಮಗು ಉಣ್ಣೆಯ ಕುಲಾವಿ ಹಾಕಿಕೊಂಡು, ಕಿವಿ ಮುಚ್ಚಿಕೊಂಡು ಬಂತು. ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹೊಟ್ಟೆ ಖಾಲಿಯೇ? ಖಾಲಿ. ನೆಗಡಿ? ಇಲ್ಲ. ಕೆಮ್ಮು? ಬೆಳಿಗ್ಗೆ ಒಂದೆರಡು ಸಲ, ದಿನಾ ಇರುವಷ್ಟೇ. ಬಾಯಿಗೇನೂ ಹಾಕಬೇಡಿ ಎಂದರೆ ಪಂಪನ್ನೂ ಬಿಟ್ಟು ಬರುವವರಿದ್ದಾರೆ, ಅದಕ್ಕೇ ಪಂಪು ಹಾಕಿ ಎಂದು ಮೊದಲೇ ಹೇಳಿದ್ದೆ. ಹಾಕಿದ್ದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಆ ಎದೆಯಲ್ಲಿ ಯಾವಾಗಲೂ ಇರುವ ಚರಪರ ಸದ್ದು ಇತ್ತು. ಅದಕ್ಕಿಂತ ಹೆಚ್ಚು ಏನೂ ಕೇಳಲಿಲ್ಲ, ಅಥವಾ ಕೇಳಿಸಿಕೊಳ್ಳಲು ನನಗೆ ಬರಲಿಲ್ಲ.

ತಾಯಿಯ ತೊಡೆಯ ಮೇಲೆ ಕೂರಿಸಿಕೊಂಡೇ ಮಂಪರಿನ ಔಷಧಿಯನ್ನು ಮೂಗಿಗೆ ಹನಿಹನಿಯಾಗಿ ಬಿಟ್ಟೆ. ಉಸಿರನ್ನು ಅಷ್ಟಾಗಿ ಕುಗ್ಗಿಸದ ಔಷಧಿ ಅದು, ಪ್ರಮಾಣವನ್ನೂ ಕಡಿಮೆಯೇ ಇಟ್ಟಿದ್ದೆ. ಕಾದೆವು. ಕಣ್ಣು ತೇಲಿತು, ಕತ್ತು ವಾಲಿತು. ತಾಯಿಯನ್ನು ಹೊರಗೆ ಕಳಿಸಿ ಮಗುವನ್ನು ಮೇಜಿನ ಮೇಲೆ ಮಲಗಿಸಿದೆವು. ಕೈಗೆ ಸೂಜಿ ಹಾಕಿ, ಮೂಗಿನ ಹತ್ತಿರ ಆಮ್ಲಜನಕದ ನಳಿಕೆ ಇಟ್ಟೆ. ಹಲ್ಲಿನವರು ಬಾಯಿ ಮುಚ್ಚದಂತೆ ರಬ್ಬರ್ ತುಂಡು ಕೊಟ್ಟು, ಗಂಟಲಿಗೆ ಏನೂ ಜಾರದಂತೆ ಗಾಜ್ ಬಟ್ಟೆ ಇಡಲು ಬಗ್ಗಿದರು.

ನಾಡಿಯ ಯಂತ್ರ ಟಿಣ್ ಟಿಣ್ ಎನ್ನುತ್ತಲೇ ಇರುತ್ತದೆ. ಆಮ್ಲಜನಕ ಇಳಿದರೆ ಅದರ ದನಿಯೂ ತಗ್ಗುತ್ತದೆ. ಪರದೆ ನೋಡಬೇಕಾಗಿಲ್ಲ, ನಮ್ಮ ಕಿವಿ ಅದಕ್ಕೆ ಪಳಗಿರುತ್ತದೆ. ಆ ದನಿ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು ಇಳಿಯಿತು. ಉಸಿರಿನ ಗೆರೆ ಪರದೆಯ ಮೇಲೆ ನೇರ ಗೋಡೆಯ ಹಾಗೆ ಏಳಬೇಕಾದ್ದು ಇಳಿಜಾರಾಗಿ, ಕಷ್ಟಪಟ್ಟು ಏಳುತ್ತಿತ್ತು. ಶ್ವಾಸನಾಳ ಬಿಗಿಯುತ್ತಿದೆ ಎಂದರ್ಥ.

"ತೆಗೀರಿ, ಬಾಯಿಂದ ಎಲ್ಲ ತೆಗೀರಿ," ಅಂದೆ. ಹಲ್ಲಿನವರು ಗಾಜ್ ಬಟ್ಟೆ, ರಬ್ಬರ್ ತುಂಡು ಎಲ್ಲ ಎಳೆದರು. ಮಾಸ್ಕಿನ ಪಟ್ಟಿ ತಲೆಗೆ ಕೂರಲೆಂದು ನಾನು ಕುಲಾವಿಯನ್ನು ಕಿತ್ತು ಪಕ್ಕಕ್ಕೆಸೆದೆ.

ಘಮ್ಮೆಂದು ಸಾಂಬ್ರಾಣಿಯ ವಾಸನೆ ಎದ್ದಿತು.

ನನ್ನ ಮುಖ ಆ ಕೂದಲಿನಿಂದ ಒಂದು ಗೇಣು ದೂರದಲ್ಲಿತ್ತು. ಬುಡದಲ್ಲಿ ಕೂದಲು ಇನ್ನೂ ತೇವ. ಎಣ್ಣೆ, ಸೀಗೆಕಾಯಿ, ಹೊಗೆ. ಬೆಳಿಗ್ಗೆ ಏನು ನಡೆದಿರಬೇಕು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ನಾನೂ ಹಬ್ಬದ ದಿನ ಎರೆದುಕೊಂಡು, ಕೆಂಡದ ಮೇಲೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂದಲು ಹರವಿಕೊಂಡು ಬೆಳೆದವಳೇ. ಇಷ್ಟೆಲ್ಲ ಪ್ರಶ್ನೆ ಕೇಳಿದವಳಿಗೆ ಆ ಒಂದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಮಗುವನ್ನು ಎತ್ತಿ ಅರ್ಧ ಕೂರಿಸಿ ಸಿಸ್ಟರ್ ಎದೆಗೆ ಒರಗಿಸಿದೆ. ದವಡೆ ಮುಂದಕ್ಕೆಳೆದು ಮಾಸ್ಕು ಒತ್ತಿ ಹಿಡಿದು, ಶ್ವಾಸನಾಳ ಸಡಿಲಿಸುವ ಔಷಧಿಯನ್ನು ಆಮ್ಲಜನಕದ ಜೊತೆ ಹರಿಸಿದೆ. ಕೈಯ ಸೂಜಿಗೆ ಇನ್ನೊಂದು ಔಷಧಿ ಕೊಡಿಸಿದೆ. ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದವು. ತುಟಿ ಬಣ್ಣಗೆಟ್ಟಿತು. ಅಂಕಿ ಎಂಬತ್ತಕ್ಕೆ ಬಂದು, ಎಂಬತ್ತನ್ನೂ ಬಿಟ್ಟಿತು. ಯಂತ್ರದ ದನಿ ಎಷ್ಟು ತಗ್ಗಿತ್ತೆಂದರೆ ಅದು ಬೇರೆ ಯಾವುದೋ ಯಂತ್ರದ್ದು ಅನಿಸಿತು.

ಕೊಳವೆ ಕೈಗೆಟುಕುವ ದೂರದಲ್ಲಿತ್ತು. ಹಾಕಿದರೆ ಈ ಕ್ಷಣ ದಾಟುತ್ತದೆ. ಆದರೆ ಬಿಗಿದ ಶ್ವಾಸನಾಳಕ್ಕೆ ಕೊಳವೆ ತಾಗಿದರೆ ಅದು ಇನ್ನೂ ಬಿಗಿಯಬಹುದು. ಹಾಕಿಯೂ ಉಳಿದರೆ ಈ ಶ್ವಾಸಕೋಶ ಯಂತ್ರವನ್ನು ಮತ್ತೆ ಯಾವತ್ತು ಬಿಡುತ್ತದೋ, ಬಿಡುತ್ತದೋ ಇಲ್ಲವೋ. ಅತ್ತ ದರಿ, ಇತ್ತ ಪುಲಿ. ಒಂದೊಂದು ಉಸಿರಿನ ನಡುವೆ ಗಟ್ಟಿಯಾಗಿ ಎಣಿಸಿರಿ ಎಂದು ಸಿಸ್ಟರಿಗೆ ಹೇಳಿ, ಮಾಸ್ಕಿಗೆ ಸೇರಿಸಿದ ಗಾಳಿಚೀಲವನ್ನು ಮೆಲ್ಲಗೆ, ಮಗು ಎಳೆದಾಗಷ್ಟೇ ಒತ್ತುತ್ತಾ ಹೋದೆ. ಉಸಿರು ಹೊರಬರಲು ಸಮಯ ಕೊಡಬೇಕು. ಅವಸರ ಮಾಡಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಜೀವ ಬಾಯಿಗೆ ಬಂದಿರುವಾಗ ಕೈಯನ್ನು ನಿಧಾನ ಮಾಡುವುದಿದೆಯಲ್ಲ, ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಯಾವುದೂ ಇಲ್ಲ. ಸಿಸ್ಟರ್ ಎಣಿಸುವುದನ್ನು ಮರೆತು ಏನೋ ದೇವರ ಹೆಸರು ಹೇಳುತ್ತಿದ್ದರು. ನಾನೂ ಬೇಡವೆನ್ನಲಿಲ್ಲ.

ದನಿ ಒಂದು ಮೆಟ್ಟಿಲು ಏರಿತು. ನಂಬಲಿಲ್ಲ. ಇನ್ನೊಂದು ಏರಿತು. ತುಟಿಗೆ ಮೆಲ್ಲಗೆ ಬಣ್ಣ ಬಂತು. ಬೀಸೋ ದೊಣ್ಣೆ ತಪ್ಪಿತು ಅನ್ನುತ್ತಾರಲ್ಲ, ಹಾಗೆ. ಆದರೆ ದೊಣ್ಣೆ ಬೀಸುವವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ ಎಂದು ನನಗನಿಸುತ್ತಿತ್ತು.

ಅಂಕಿ ತೊಂಬತ್ತಮೂರಕ್ಕೆ ಏರಿ ಅಲ್ಲೇ ನೆಲೆನಿಂತ ಮೇಲೆ ಮಗುವನ್ನು ಸಿಸ್ಟರ್ ಕೈಯಲ್ಲಿ ಬಿಟ್ಟು ಒಂದು ಗಳಿಗೆ ಬಾಗಿಲಿಗೆ ಬಂದೆ. ತಾಯಿಯೂ ಅಜ್ಜಿಯೂ ಬೆಂಚಿನ ಮೇಲಿದ್ದರು. ಬೆಳಿಗ್ಗೆ ತಲೆಗೆ ಎರೆದಿರಾ ಎಂದು ಕೇಳಿದೆ.

"ಊಂ ಕಣವ್ವ," ಅಂದರು ಅಜ್ಜಿ. ದನಿಯಲ್ಲಿ ಹೆಮ್ಮೆಯಿತ್ತು. "ಆಪ್ರೇಸನ್‌ಗೆ ಓಗೋ ಮಗೀನ ಅಂಗೇ ಕಳ್ಸಾದಾ? ತಲೆಗುಯ್ದೆ. ಸೀತ ಆಗ್ಕೂಡ್ದು ಅಂತ ನೀವ್ ಯೋಳಿದ್ರಲ್ಲ, ಅದ್ಕೇಯ ಚೆನ್ನಾಗಿ ಸಾಂಬ್ರಾಣಿ ವಗೆ ಕೊಟ್ಟು ಒಣಗಿಸ್ದೆ. ಒಸಿ ಕೆಮ್ತು, ಅಷ್ಟೇಯ."

ಭಯ ನನ್ನಲ್ಲಿ ಸಿಟ್ಟಾಗಿಯೇ ಹೊರಬರುವುದು. "ಆ ಹೊಗೆನೇ ಅಜ್ಜಿ ಅವಳ ಉಸಿರು ಕಟ್ಟಿಸಿದ್ದು. ಹೋಗೋ ಜೀವ ಈಗ ಉಳೀತು," ಅಂದುಬಿಟ್ಟೆ. ಮುದುಕಿಯ ಮುಖ ನೋಡುವಷ್ಟು ಹೊತ್ತೂ ಅಲ್ಲಿ ನಿಲ್ಲದೆ ಒಳಗೆ ಹೋದೆ.

ಒಳಗೆ ಹಲ್ಲಿನವರು ಕೈಗವಸು ಬಿಚ್ಚಿ ಮೂಲೆಯಲ್ಲಿ ನಿಂತಿದ್ದರು. ಚುರುಕು ಮಾತೆಲ್ಲ ಎಲ್ಲೋ ಹೋಗಿತ್ತು. ಇವತ್ತಿಗೆ ಬಿಡೋಣವೇ ಎಂದರು. ಬಿಡೋಣ ಎನ್ನಲು ಬಾಯಿ ತೆರೆದೆ. ಮಗುವಿನ ಕೆನ್ನೆ ನೋಡಿದೆ. ಬೆಳಿಗ್ಗೆಗಿಂತ ಊತ ಹೆಚ್ಚಿತ್ತು, ಎಡಗಣ್ಣಿನ ಕೆಳರೆಪ್ಪೆಯೂ ತುಂಬಿಕೊಂಡಿತ್ತು. ಹೊಳೆನರಸೀಪುರದವರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಅವರು ದೀಪವನ್ನು ನೇರ ನೆಲದ ಮೇಲೇ ಇಟ್ಟರು. ಕೀವಿಗೆ ದಾರಿ ಮಾಡದೆ ಬರೀ ಇಂಜೆಕ್ಷನ್ ನಂಬಿಕೊಂಡರೆ, ನಾಳೆಯೋ ನಾಡಿದ್ದೋ ಜ್ವರದಲ್ಲಿ ಬೇಯುವ ಮಗುವಿಗೆ ನೀವು ಅರಿವಳಿಕೆ ಕೊಡಬೇಕಾಗುತ್ತದೆ, ಅದು ಇವತ್ತಿಗಿಂತ ಕೆಟ್ಟದ್ದು ಎಂದರು.

ಸ್ಟೂಲಿನ ಮೇಲೆ ಕುಳಿತು ಆ ಮಗುವನ್ನೇ ನೋಡಿದೆ. ಸಿಸ್ಟರ್ ಎದೆಗೆ ಒರಗಿ ಕೂತಿತ್ತು. ಕಣ್ಣು ಅರೆ ಮುಚ್ಚಿತ್ತು, ಕರೆದರೆ ಹೂಂ ಅನ್ನುತ್ತಿತ್ತು. ಔಷಧಿ ಇಳಿಯುತ್ತಿತ್ತು. ಕೂತಲ್ಲಿ ಉಸಿರು ಚೆನ್ನಾಗಿತ್ತು. ಅರಕಲಗೂಡಿನಲ್ಲಿ ನಾನೇ ನೋಡಿದ್ದೆ, ಅಜ್ಜಿಯೂ ಹೇಳಿದ್ದರು, ಇವಳಿಗೆ ಆಗದೇ ಇರುವುದು ಮಲಗುವುದು. ಆದರೂ ರೋಗಿ ಎಂದರೆ ಮಲಗಿರಬೇಕು ಎಂಬ ಅಭ್ಯಾಸಬಲ ನನ್ನದು.

"ಒಂದೇ ಹಲ್ಲು," ಅಂದೆ. "ಕೀವಿನ ಹಲ್ಲೊಂದೇ. ಇನ್ನು ಮಂಪರು ಒಂದು ಹನಿಯೂ ಕೊಡಲ್ಲ. ಮರಗಟ್ಟಿಸೋ ಇಂಜೆಕ್ಷನ್ ಮಾತ್ರ. ಮಲಗಿಸೋದೂ ಇಲ್ಲ, ತಾಯಿ ತೊಡೆ ಮೇಲೆ ಕೂತೇ ಕೀಳಬೇಕು."

"ಉಳಿದ ಏಳು?"

"ಅವು ಬದುಕಿರೋ ಮಗುವಿನ ಬಾಯಲ್ಲಿ ಇರಲಿ."

ಮಾತು ಒರಟಾಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಈ ಭಂಗಿಯಲ್ಲಿ ಕಿತ್ತಿಲ್ಲ, ಅಲುಗಾಡಿದರೆ ಕಷ್ಟ ಎಂದಷ್ಟೇ ಹೇಳಿ ಹೊಸ ಕೈಗವಸು ಹಾಕಿಕೊಂಡರು.

ಇನ್ನೂ ಸ್ವಲ್ಪ ಹೊತ್ತು ಕಾದೆವು. ಇನ್ನೊಂದು ಸಲ ನೆಬುಲೈಸರ್ ಕೊಟ್ಟೆ. ಎದೆ ಕೇಳಿದೆ, ಬೆನ್ನು ಕೇಳಿದೆ. ಆಮೇಲೆ ತಾಯಿಗೆ ಹಸಿರು ಗೌನು ತೊಡಿಸಿ ಒಳಗೆ ಕರೆಸಿದೆವು. ಕುರ್ಚಿಯ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡಳು. "ನಾನು ಕಣ್ ಮುಚ್ಕಬೋದಾ ಮೇಡಮ್ಮೋರೆ?" ಎಂದು ಕೇಳಿದಳು. ಮುಚ್ಚಿಕೋ, ಆದರೆ ಕೈ ಬಿಡಬೇಡ ಎಂದೆ. ಮೂಗಿನ ಮೇಲೆ ಆಮ್ಲಜನಕ ಹಿಡಿದು ನಾನು ಹಿಂದೆ ನಿಂತೆ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ ಹಿಡಿದೆ, ರಕ್ತ ಬಂದರೆ ಗಂಟಲಿಗಲ್ಲ, ತುಟಿಗೆ ಬರಲಿ ಎಂದು. ಹಲ್ಲಿನವರು ಮೊಣಕಾಲೂರಿ ನೆಲದ ಮೇಲೆ ಕೂತರು.

ಸೂಜಿ ಚುರುಗುಟ್ಟಿ ಮಗು ಅತ್ತಿತು. ದನಿ ಒಂದು ಮೆಟ್ಟಿಲು ಇಳಿಯಿತು. ಎಲ್ಲರೂ ನಿಂತೆವು. ಏರಿತು. ಜಾಗ ಮರಗಟ್ಟಲು ಕಾದು, ಅವರು ಇಕ್ಕಳವನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಬಾಯೊಳಗೆ ತಂದರು. ಹಿಡಿದರು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಸಡಿಲಿಸಿದರು. ಕೀವಿನಲ್ಲಿ ನೆನೆದ ಹಲ್ಲು ಮಣ್ಣಿನಿಂದ ಮೂಲಂಗಿ ಬಂದ ಹಾಗೆ ಬಂದುಬಿಟ್ಟಿತು. ಹಿಂದೆಯೇ ಹಳದಿ ಕೀವು, ಆಮೇಲೆ ರಕ್ತ. ಸಿಸ್ಟರ್ ಎಳೆಯುವ ನಳಿಕೆ ಹಿಡಿದರು. ಮಗು ಥಿಯೇಟರ್ ಹಾರಿಹೋಗುವ ಹಾಗೆ ಕಿರುಚಿತು. ರೋಗಿಗಳನ್ನು ಸುಮ್ಮನಾಗಿಸುವುದೇ ನನ್ನ ಹೊಟ್ಟೆಪಾಡು. ಆದರೂ ಆ ಕಿರುಚಾಟ ನಿಲ್ಲದಿರಲಿ ಎಂದುಕೊಂಡೆ. ಅಷ್ಟು ಗಟ್ಟಿಯಾಗಿ ಕಿರುಚಲು ಬೇಕಾದಷ್ಟು ಗಾಳಿ ಆ ಎದೆಯಲ್ಲಿತ್ತು.

ಮಧ್ಯಾಹ್ನ ದಾಟುವ ಹೊತ್ತಿಗೆ ಮಗುವನ್ನು ವಾರ್ಡಿಗೆ ತಂದೆವು. ಕಣ್ಣಿನ ಕೆಳಗಿನ ಊತ ಆಗಲೇ ಮೆತ್ತಗಾಗಿತ್ತು. ಉಳಿದ ಹಲ್ಲುಗಳಿಗೆ ಸೂಜಿಯೂ ಬೇಡ, ಮಂಪರೂ ಬೇಡ, ಹುಳುಕು ನಿಲ್ಲಿಸುವ ಔಷಧಿ ಹಚ್ಚುತ್ತೇನೆ, ಕಪ್ಪಾಗುತ್ತವೆ ಅಷ್ಟೇ ಎಂದು ಹಲ್ಲಿನವರು ತಾಯಿಗೆ ಹೇಳುತ್ತಿದ್ದರು. ಕಪ್ಪಾದರೆ ಆಗಲಿ ಬುಡಿ ಸಾ ಎಂದಳು ಅವಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಎರಡೂ ಕೈ ಕೋಟಿನ ಜೇಬಿಗೆ ತುರುಕಿಕೊಂಡೆ.

ಮಗು ಪೂರ್ತಿ ಎಚ್ಚರವಾಗಿ ಸುತ್ತ ನೋಡಿ "ಅಜ್ಜೀ" ಅಂತ ಅಳತೊಡಗಿತು. ತಾಯಿ ಎತ್ತಿಕೊಂಡರೆ ಬೆನ್ನು ಬಾಗಿಸಿ ಜಾರುತ್ತಿತ್ತು. ಅಜ್ಜಿ ಎಲ್ಲೂ ಇಲ್ಲ. ನಾನು ಬೈದು ಒಳಗೆ ಹೋದ ಮೇಲೆ ಬೆಂಚಿನಿಂದೆದ್ದು ಹೋದವರು ವಾಪಸು ಬಂದಿಲ್ಲ ಎಂದಳು ತಾಯಿ. ಬೆಳಗಿನಿಂದ ಇದ್ದದ್ದೊಂದು ಭಯ, ಈಗ ಹುಟ್ಟಿದ್ದು ಇನ್ನೊಂದು. ಬಸ್ ಸ್ಟ್ಯಾಂಡಿನ ಕಡೆ ಹೋಗಿ ನೋಡಿ ಎಂದು ಹೇಳಲು ವಾಚ್‌ಮನ್ನನ್ನು ಕರೆಯಹೊರಟೆ.

ಅಜ್ಜಿ ವಾರ್ಡಿನ ಬಾಗಿಲ ಆಚೆ ನಿಂತಿದ್ದರು. ನರೆಗೂದಲು ಬಿಚ್ಚಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಸೀರೆ ಮೈಗಂಟಿತ್ತು. ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತಿದ್ದರಂತೆ. ಹೊಸಿಲಿನಿಂದ ಈಚೆಗೆ ಕಾಲಿಡಲಿಲ್ಲ. ನನ್ನ ಮುಖವನ್ನೂ ನೋಡದೆ, ಒಳಗೆ ಅಳುತ್ತಿದ್ದ ಮಗುವನ್ನೇ ನೋಡುತ್ತಾ ಕೇಳಿದರು.

"ನನ್ ಮೈಯಾಗೂ ಆ ವಗೆ ವಾಸ್ನೆ ಇತ್ತಲ್ವವ್ವ. ಎಲ್ಲಾ ತೊಳ್ಕಂಡ್ ಬಂದಿವ್ನಿ. ಈಗ ಮುಟ್ಬೋದಾ?"

ಸಿಸ್ಟರ್ ಥಿಯೇಟರಿನಿಂದ ಒಣಗಿದ ಹಸಿರು ದುಪ್ಪಟಿ ತಂದು ಅವರಿಗೆ ಹೊದಿಸಿದರು. ನಾನು ಕೈಯನ್ನು ಜೇಬಿನಿಂದ ತೆಗೆದು, ಅವರ ತಣ್ಣಗಾದ ಕೈ ಹಿಡಿದು ಒಳಗೆ ಕರೆತಂದೆ. ಅವರು ಗೋಡೆಗೆ ಒರಗಿ ಕೂತರು. ಮಗು ತಾಯಿಯ ತೋಳಿನಿಂದ ಜಾರಿ, ಸೂಜಿಯ ಕೈಯನ್ನೂ ಲೆಕ್ಕಿಸದೆ, ಅವರ ಎದೆ ಹತ್ತಿತು.